ನಿಮ್ಮ ಹಾಡು, ಬೇರೆ ದೇಶದ ದನಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಾಡು ಬರೆಯುವವರ ಪತ್ರಗಳು ಈ ಸಲ ಜಾಸ್ತಿ ಬಂದಿವೆ. ಸುತ್ತಿ ಬಳಸಿ ಎಲ್ಲರೂ ಕೇಳಿರುವುದು ಒಂದೇ: ಬೇರೆ ದೇಶದ ಗಾಯಕರಿಗೆ, ಸಿನಿಮಾಗೆ, ಗೇಮಿಗೆ ನನ್ನ ಹಾಡು ತಲುಪಿಸುವುದು ಹೇಗೆ? ಒಂದೇ ಥರದ ಪತ್ರಗಳನ್ನು ಸೇರಿಸಿ, ಹೆಸರು ತೆಗೆದು ಇಲ್ಲಿ ಹಾಕಿದ್ದೇನೆ. ಕೆಲವು ಉತ್ತರ ಉದ್ದ, ಕೆಲವು ಖಾರ. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮಸ್ಕಾರ ಸರ್. ಟ್ಯೂನು, ಸಾಹಿತ್ಯ ಎರಡೂ ನಾನೇ ಮಾಡುತ್ತೇನೆ. ವಿದೇಶದ ದೊಡ್ಡ ಗಾಯಕರ ಕಂಪನಿಗಳಿಗೆ ಮೇಲ್ ಕಳಿಸುತ್ತಲೇ ಇದ್ದೇನೆ, ಒಬ್ಬರೂ ಉತ್ತರ ಕೊಡುವುದಿಲ್ಲ. ಹಾಡು ಚೆನ್ನಾಗಿಲ್ವಾ, ಇಲ್ಲ ಅವರು ಕೇಳುವುದೇ ಇಲ್ವಾ?

ಉತ್ತರ: ಕೇಳುವುದೇ ಇಲ್ಲ. ಹಾಗಾಗಿ ಹಾಡು ಚೆನ್ನಾಗಿದೆಯೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಇದು ಸೊಕ್ಕು ಅಂತ ಅನಿಸಬಹುದು, ಆದರೆ ಇದರ ಹಿಂದೆ ಇರುವುದು ಕೋರ್ಟಿನ ಭಯ. ಹಾಡು ಕದ್ದಿದ್ದಾರೆ ಅಂತ ಕೇಸು ಹಾಕುವವರು ಎರಡು ವಿಷಯ ತೋರಿಸಬೇಕಾಗುತ್ತದೆ. ಎರಡೂ ಹಾಡು ಒಂದನ್ನೊಂದು ಹೋಲುತ್ತವೆ ಅನ್ನುವುದು ಒಂದು, ಆ ಕಡೆಯವರಿಗೆ ನಮ್ಮ ಹಾಡು ಕೇಳಲು ಸಿಕ್ಕಿತ್ತು ಅನ್ನುವುದು ಇನ್ನೊಂದು. ನಿಮ್ಮ ಮೇಲ್ ತೆರೆದು ಕೇಳಿಬಿಟ್ಟರೆ ಎರಡನೆಯದಕ್ಕೆ ಅವರೇ ಸಾಕ್ಷಿ ಒದಗಿಸಿದ ಹಾಗಾಗುತ್ತದೆ. ಅದಕ್ಕೇ ತಾವಾಗಿ ಕೇಳದೆ ಬಂದ ಹಾಡನ್ನು ದೊಡ್ಡ ಕಂಪನಿಗಳು ತೆರೆಯದೆಯೇ ಅಳಿಸುತ್ತವೆ. ಎಷ್ಟೋ ಕಂಪನಿಗಳು ಇದನ್ನು ತಮ್ಮ ವೆಬ್‌ಸೈಟಿನಲ್ಲೇ ಬರೆದಿರುತ್ತವೆ, ನಾವು ಓದುವುದಿಲ್ಲ ಅಷ್ಟೇ.

ಹಾಗಾದರೆ ಹಾಡು ಒಳಗೆ ಹೋಗುವುದು ಯಾವ ದಾರಿಯಲ್ಲಿ? ಈಗಾಗಲೇ ಒಳಗಿರುವ ಒಬ್ಬರ ಜೊತೆ ಕೂತು ಬರೆದರೆ ಹೋಗುತ್ತದೆ. ಇವತ್ತಿನ ಪಾಪ್ ಹಾಡನ್ನು ಒಬ್ಬರೇ ಬರೆಯುವುದು ಅಪರೂಪ. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ನಿಮಗಿಷ್ಟವಾದ ಹಾಡಿನ ಪಕ್ಕದ ಚುಕ್ಕಿಗಳನ್ನು ಒತ್ತಿ, ಕ್ರೆಡಿಟ್ಸ್ ತೆಗೆದು ನೋಡಿ. ನಾಲ್ಕೈದು ಹೆಸರು ಕಾಣುತ್ತವೆ. ಅದರಲ್ಲಿ ಸ್ಟಾರ್ ಹೆಸರು ಬಿಡಿ, ಆಗಲೇ ದೊಡ್ಡ ಹೆಸರು ಮಾಡಿದ ಪ್ರೊಡ್ಯೂಸರ್‌ನೂ ಬಿಡಿ. ಉಳಿದ ಒಂದಿಬ್ಬರು, ಅಂದರೆ ಈಗಷ್ಟೇ ಮೇಲೆ ಬರುತ್ತಿರುವವರು, ನಿಮಗೆ ಬೇಕಾದವರು. ಅವರಿಗೆ ಒಬ್ಬ ಪಬ್ಲಿಷರ್, ಅಂದರೆ ಹಾಡನ್ನು ಗಾಯಕರಿಗೆ ತಲುಪಿಸಿ ಬರೆದವರ ದುಡ್ಡು ನೋಡಿಕೊಳ್ಳುವವರು, ಇರುತ್ತಾರೆ, ಯಾವ ಗಾಯಕರಿಗೆ ಎಂಥ ಹಾಡು ಬೇಕು ಅನ್ನುವ ಬ್ರೀಫ್ ಕೈಗೆ ಬರುತ್ತಿರುತ್ತದೆ, ಮತ್ತು ಜೊತೆಗೆ ಬರೆಯುವವರು ಅವರಿಗೂ ಬೇಕು.

ಅವರಿಗೆ ಏನು ಬರೆಯಬೇಕು? ಜೀವನ ಚರಿತ್ರೆ ಬೇಡ. ಸುಮಾರು ಹೀಗೆ: 'ನಮಸ್ಕಾರ. ನಿಮ್ಮ ಆ ಹಾಡಿನಲ್ಲಿ ಎರಡನೇ ಚರಣ ಅರ್ಧಕ್ಕೇ ನಿಂತು ಪಲ್ಲವಿಗೆ ಹಾರುವ ಜಾಗ ನನಗೆ ತುಂಬ ಹಿಡಿಸಿತು. ನಾನು ಟ್ಯೂನ್ ಮತ್ತು ಸಾಹಿತ್ಯ ಮಾಡುತ್ತೇನೆ. ಕೆಳಗಿನ ಲಿಂಕಿನಲ್ಲಿ ಎರಡು ಹಾಡಿವೆ, ಮೊದಲನೆಯದು ಪಲ್ಲವಿಯಿಂದಲೇ ಶುರುವಾಗುತ್ತದೆ. ಟ್ಯೂನ್ ಕೂರದೆ ಸುಮ್ನೆ ಬಿದ್ದಿರುವ ಟ್ರ್ಯಾಕ್ ನಿಮ್ಮ ಹತ್ತಿರ ಇದ್ದರೆ ಕಳಿಸಿ, ಈ ವಾರದೊಳಗೆ ಟಾಪ್‌ಲೈನ್ ಹಾಕಿ ಕೊಡುತ್ತೇನೆ. ಹಿಡಿಸದಿದ್ದರೆ ಪರವಾಗಿಲ್ಲ.' ಟ್ರ್ಯಾಕ್ ಅಂದರೆ ಹಾಡಿನ ಹಿನ್ನೆಲೆ ವಾದ್ಯಗಳು. ಅದರ ಮೇಲೆ ಕೂರುವ ಟ್ಯೂನ್ ಮತ್ತು ಮಾತು, ಅದೇ ಟಾಪ್‌ಲೈನ್. ಈ ಪತ್ರ ಏನನ್ನೂ ಬೇಡುತ್ತಿಲ್ಲ, ಕೊಡುತ್ತೇನೆ ಅನ್ನುತ್ತಿದೆ. ಟ್ರ್ಯಾಕ್ ಮಾಡುವ ಪ್ರತಿಯೊಬ್ಬರ ಲ್ಯಾಪ್‌ಟಾಪ್‌ನಲ್ಲೂ ಟ್ಯೂನ್ ಸಿಗದ ಟ್ರ್ಯಾಕ್‌ಗಳು ರಾಶಿ ಬಿದ್ದಿರುತ್ತವೆ, ಅದಕ್ಕೇ ಇಂಥ ಪತ್ರಕ್ಕೆ ಉತ್ತರ ಬರುವ ಸಾಧ್ಯತೆ ಇದೆ.

ಲಿಂಕ್ ಕಳಿಸಿ, ಫೈಲ್ ಅಂಟಿಸಬೇಡಿ. ಲಾಗಿನ್ ಆಗದೆ, ಡೌನ್‌ಲೋಡ್ ಮಾಡದೆ ಫೋನಿನಲ್ಲೇ ಕೇಳುವಂತಿರಲಿ. ಹನ್ನೆರಡು ಹಾಡು ಕಳಿಸಿದರೆ ಒಂದನ್ನೂ ಕೇಳುವುದಿಲ್ಲ, ಎರಡು ಸಾಕು. ಮೊದಲ ಅರ್ಧ ನಿಮಿಷದಲ್ಲಿ ದನಿ ಬರದಿದ್ದರೆ ಮುಂದಕ್ಕೆ ತಳ್ಳಿಬಿಡುತ್ತಾರೆ, ಅದು ಅನ್ಯಾಯವೇ ಆದರೂ ಹಾಗೇ ನಡೆಯುತ್ತದೆ.

ಪ್ರಶ್ನೆ: ನಾನು ಬರೀ ಸಾಹಿತ್ಯ ಬರೆಯುತ್ತೇನೆ, ಅದೂ ನನ್ನ ಭಾಷೆಯಲ್ಲಿ. ಇಂಗ್ಲಿಷ್ ಓದಲು ಬರುತ್ತದೆ, ಆದರೆ ಅದರಲ್ಲಿ ಹಾಡು ಬರೆಯುವಷ್ಟು ಹಿಡಿತ ಇಲ್ಲ. ನನ್ನಂಥವರಿಗೆ ಹೊರಗೆ ಜಾಗ ಇದೆಯಾ?

ಉತ್ತರ: ಇದೆ, ಆದರೆ ನೀವು ಅಂದುಕೊಂಡಿರುವ ಜಾಗದಲ್ಲಿ ಅಲ್ಲ. ಗಡಿ ದಾಟುವುದು ಹೆಚ್ಚಾಗಿ ಟ್ಯೂನ್. ಮಾತು ಅಲ್ಲೇ ಉಳಿಯುತ್ತದೆ. ಕೊರಿಯಾ ನೋಡಿ. ಅಲ್ಲಿನ ದೊಡ್ಡ ಸಂಗೀತ ಕಂಪನಿ ಎಸ್‌ಎಂ ಎಂಟರ್‌ಟೈನ್‌ಮೆಂಟ್ 1990ರ ದಶಕದ ಕೊನೆಯಿಂದಲೇ ಉತ್ತರ ಯುರೋಪಿನ ಬರಹಗಾರರ ಹಾಡು ತೆಗೆದುಕೊಳ್ಳಲು ಶುರು ಮಾಡಿತು. ಇವತ್ತು ಕೆ-ಪಾಪ್ ಕ್ರೆಡಿಟ್‌ಗಳಲ್ಲಿ ಸ್ವೀಡನ್, ನಾರ್ವೆಯವರ ಹೆಸರು ಸಾಮಾನ್ಯ. ಆ ಸ್ವೀಡನ್‌ನವರಿಗೆ ಕೊರಿಯನ್ ಬರುತ್ತಾ? ಇಲ್ಲ. ಇಂಗ್ಲಿಷ್‌ನಲ್ಲಿ ಡಮ್ಮಿ ಸಾಹಿತ್ಯ ಹಾಡಿ ಡೆಮೊ, ಅಂದರೆ ಮಾದರಿ ರೆಕಾರ್ಡಿಂಗ್, ಕೊಡುತ್ತಾರೆ, ಅಲ್ಲಿನ ಸಾಹಿತಿ ಟ್ಯೂನಿಗೆ ತಕ್ಕ ಹಾಗೆ ಕೊರಿಯನ್‌ನಲ್ಲಿ ಬರೆದುಕೊಳ್ಳುತ್ತಾರೆ. ಜಪಾನ್‌ಗೆ ಹೋಗುವ ಹಾಡುಗಳದೂ ಇದೇ ಕಥೆ. ಸಾಹಿತ್ಯದ ಪಾಲು ಆ ಊರಿನವರಿಗೆ ಹೋಗುತ್ತದೆ, ಟ್ಯೂನಿನ ಪಾಲು ಇವರದು. ಹಾಗಾಗಿ ನೀವು ಬರೀ ಡಮ್ಮಿ ಇಂಗ್ಲಿಷ್ ಬರೆದು ಕೊಟ್ಟರೆ ಕೊನೆಗೆ ಕೈಗೆ ಏನೂ ಸಿಗದೆ ಹೋಗಬಹುದು, ಟ್ಯೂನಿನಲ್ಲೂ ನಿಮ್ಮ ಕೈ ಇರಬೇಕು.

ಇಂಗ್ಲಿಷ್ ಬಗ್ಗೆ ಅಳುಕು ಬೇಡ. ಪಾಪ್ ಹಾಡು ಬರೆಯುವ ಮ್ಯಾಕ್ಸ್ ಮಾರ್ಟಿನ್ ಸ್ವೀಡನ್‌ನವರು, ಇಂಗ್ಲಿಷ್ ಅವರ ಮನೆಮಾತಲ್ಲ. ಆದರೂ 1999ರಿಂದ ಈಚೆಗೆ ಅಮೆರಿಕದ ಪಟ್ಟಿಯ ಮೊದಲ ಸ್ಥಾನಕ್ಕೆ ಹೋದ ಅವರ ಹಾಡುಗಳು 25ಕ್ಕೂ ಹೆಚ್ಚು. ಆ ಥರದ ಪಾಪ್‌ನಲ್ಲಿ ಮಾತಿನ ಸದ್ದಿಗೆ ಅರ್ಥದಷ್ಟೇ ಬೆಲೆ. ಎತ್ತರದ ಸ್ವರದಲ್ಲಿ ಗಾಯಕಿ ಬಾಯಿ ತೆರೆದು ಹಾಡಲು ಆಗುವ ಅಕ್ಷರ ಬೇಕು. ಅಲ್ಲಿ 'ಈ'ಕಾರ ಹಾಕಿ ಗಂಟಲು ಹಿಡಿಸುವವರಿಗಿಂತ 'ಆ'ಕಾರ ಕೂರಿಸುವವರು ಮತ್ತೆ ಮತ್ತೆ ಕರೆಸಿಕೊಳ್ಳುತ್ತಾರೆ.

ನಿಮ್ಮ ಭಾಷೆಯಲ್ಲೇ ಬರೆಯಬೇಕು ಅನ್ನುವುದಾದರೆ ಯಾರೂ ಜಾಸ್ತಿ ಮಾತಾಡದ ಒಂದು ಕೆಲಸ ಇದೆ. ಆ್ಯನಿಮೇಶನ್ ಸಿನಿಮಾ, ಮಕ್ಕಳ ಸರಣಿಗಳು ಹಲವು ಭಾಷೆಗಳಿಗೆ ಡಬ್ ಆಗುತ್ತವಲ್ಲ, ಅದರೊಳಗಿನ ಹಾಡುಗಳನ್ನು ಯಾರೋ ಬರೆಯಬೇಕು. ಅರ್ಥ ಬಿಡುವಂತಿಲ್ಲ, ಟ್ಯೂನ್ ಮುಟ್ಟುವಂತಿಲ್ಲ, ಅಕ್ಷರದ ಲೆಕ್ಕ ತಪ್ಪುವಂತಿಲ್ಲ, ಅದರ ಮೇಲೆ ಪರದೆಯಲ್ಲಿ ಪಾತ್ರದ ತುಟಿ ಮುಚ್ಚುವ ಜಾಗಕ್ಕೆ 'ಪ', 'ಬ', 'ಮ' ಬರಬೇಕು. ಬರೀ ಅನುವಾದಕರಿಗೆ ಇದು ಆಗುವುದಿಲ್ಲ. ಟ್ಯೂನಿಗೆ ಬರೆದು ಅಭ್ಯಾಸ ಇರುವವರಿಗೆ ಆಗುತ್ತದೆ. ಇಂಥ ಕೆಲಸ ಡಬ್ಬಿಂಗ್ ಸ್ಟುಡಿಯೊಗಳ ಮೂಲಕ ಬರುತ್ತದೆ, ಅವರಿಗೆ ನೇರವಾಗಿ ಬರೆಯಿರಿ, ಒಂದು ಹಾಡಿನ ಮಾದರಿ ಮಾಡಿ ತೋರಿಸಿ. ಸಾಮಾನ್ಯವಾಗಿ ಒಂದೇ ಸಲ ದುಡ್ಡು, ಆಮೇಲೆ ರಾಯಲ್ಟಿ ಇಲ್ಲ. ಒಪ್ಪಿಕೊಳ್ಳುವ ಮೊದಲು ಅದನ್ನು ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ಯುರೋಪಿನಲ್ಲಿ ನಡೆಯುವ ಒಂದು ಸಾಂಗ್‌ರೈಟಿಂಗ್ ಕ್ಯಾಂಪಿಗೆ ನನ್ನನ್ನು ಕರೆದಿದ್ದಾರೆ. ಹೋಗಬೇಕಾ? ಅಲ್ಲಿ ಏನು ಮಾಡಿಸುತ್ತಾರೆ? ದುಡ್ಡೂ ಕೇಳುತ್ತಿದ್ದಾರೆ.

ಉತ್ತರ: ಮೊದಲು ದುಡ್ಡಿನ ವಿಷಯ. ಕ್ಯಾಂಪ್ ಎರಡು ಥರ. ಪಬ್ಲಿಷರ್ ಅಥವಾ ರೆಕಾರ್ಡ್ ಕಂಪನಿ ತಮಗೆ ಹಾಡು ಬೇಕಾಗಿ ನಡೆಸುವುದು ಒಂದು, ಅದಕ್ಕೆ ಫೀ ಇರುವುದಿಲ್ಲ, ಪ್ರಯಾಣದ ಖರ್ಚು ಮಾತ್ರ ಒಮ್ಮೊಮ್ಮೆ ನಿಮ್ಮ ಮೇಲೆ ಬೀಳುತ್ತದೆ. ಇನ್ನೊಂದು, ಯಾರು ಬೇಕಾದರೂ ದುಡ್ಡು ಕಟ್ಟಿ ಸೇರಬಹುದಾದದ್ದು. ಎರಡನೆಯದೆಲ್ಲ ಮೋಸ ಅಂತ ನಾನು ಹೇಳುವುದಿಲ್ಲ, ಆದರೆ ಅದಕ್ಕೆ 'ಆಯ್ಕೆಯಾಗಿದ್ದೀರಿ' ಅನ್ನುವ ಮಾತು ಹಚ್ಚಿದ್ದರೆ ಹುಷಾರು. ಕೇಳಬೇಕಾದ ಪ್ರಶ್ನೆ ಒಂದೇ: ಜೊತೆಯಲ್ಲಿ ಬರೆಯುವವರು ಯಾರು, ಕೊನೆಯ ದಿನ ಹಾಡು ಕೇಳುವವರು ಯಾರು? ಹೆಸರು ಕೊಡಲಿ. ಆ ಹೆಸರುಗಳನ್ನು ಕ್ರೆಡಿಟ್‌ಗಳಲ್ಲಿ ಹುಡುಕಿ. ಸಿಗದಿದ್ದರೆ ಮನೆಯಲ್ಲೇ ಇರಿ.

ಒಳ್ಳೆಯ ಕ್ಯಾಂಪಿನಲ್ಲಿ ಒಂದು ದಿನ ಹೀಗಿರುತ್ತದೆ. ಬೆಳಗ್ಗೆ ಮೂವರು ಮೂವರ ಗುಂಪು ಮಾಡುತ್ತಾರೆ: ಒಬ್ಬರು ಟ್ರ್ಯಾಕ್ ಮಾಡುವವರು, ಒಬ್ಬರೋ ಇಬ್ಬರೋ ಟಾಪ್‌ಲೈನ್ ಬರೆಯುವವರು, ಕೆಲವೊಮ್ಮೆ ಗಾಯಕರೇ ಬಂದು ಕೂರುತ್ತಾರೆ. ಕೈಗೆ ಒಂದು ಬ್ರೀಫ್ ಕೊಡುತ್ತಾರೆ. 'ಐದು ಹುಡುಗಿಯರ ಗುಂಪು, ವೇಗ ನಿಮಿಷಕ್ಕೆ 120 ಬೀಟ್‌ ಮೇಲೆ, ಪ್ರೀತಿಯ ಹಾಡು ಬೇಡ, ಆತ್ಮವಿಶ್ವಾಸ ಬೇಕು, ಪಲ್ಲವಿ ಆದಮೇಲೆ ಕುಣಿಯಲು ಜಾಗ ಬಿಡಿ, ನಡುವೆ ರ‍್ಯಾಪ್‌ಗೆ ಎಂಟು ಬಾರ್.' ಇಷ್ಟೇ. ಸಂಜೆ ಹೊತ್ತಿಗೆ ಕೇಳಿಸುವಂಥ ಡೆಮೊ ಆಗಿರಬೇಕು. ರಾತ್ರಿ ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಎಲ್ಲ ಗುಂಪುಗಳ ಹಾಡು ಕೇಳುತ್ತಾರೆ. ಮರುದಿನ ಗುಂಪು ಬದಲು. ನಾಚಿಕೆ ಸ್ವಭಾವದವರಿಗೆ ಮೊದಲ ದಿನ ಕಷ್ಟ, ಯಾಕೆಂದರೆ ಅರ್ಧಂಬರ್ಧ ಸಾಲನ್ನು ಅಪರಿಚಿತರ ಮುಂದೆ ಜೋರಾಗಿ ಹಾಡಲೇಬೇಕು.

ಹೊರಡುವ ಮೊದಲು ಸ್ಪ್ಲಿಟ್ ಶೀಟ್ ಬರೆಸಿಕೊಳ್ಳಿ. ಇದರಲ್ಲಿ ಮುಲಾಜು ಬೇಡ. ಹಾಡಿನ ಹೆಸರು, ತಾರೀಕು, ಪ್ರತಿಯೊಬ್ಬರ ದಾಖಲೆಯಲ್ಲಿರುವ ಹೆಸರು, ಅವರು ಸೇರಿರುವ ರಾಯಲ್ಟಿ ಸೊಸೈಟಿ (ಬರೆದವರ ದುಡ್ಡು ವಸೂಲಿ ಮಾಡಿಕೊಡುವ ಸಂಘ), ಪಬ್ಲಿಷರ್ ಇದ್ದರೆ ಅವರ ಹೆಸರು, ಯಾರಿಗೆ ಶೇಕಡಾ ಎಷ್ಟು, ಕೆಳಗೆ ಸಹಿ. ಒಟ್ಟು ನೂರಾಗಬೇಕು, ತೊಂಬತ್ತೊಂಬತ್ತಾದರೂ ಸೊಸೈಟಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಕೋಣೆಯಲ್ಲಿ ಇದ್ದವರಿಗೆಲ್ಲ ಸಮಪಾಲು ಅನ್ನುವುದು ತುಂಬ ಕಡೆ ಇರುವ ರೂಢಿ, ನೀವು ಹೊಸಬರಾದರೆ ಅದನ್ನೇ ಹಿಡಿಯಿರಿ. ಎರಡು ಸಾಲಿಗಾಗಿ ಜಗಳ ಆಡಿದವರನ್ನು ಮತ್ತೆ ಕರೆಯುವುದಿಲ್ಲ. ಹಾಗಂತ ಒಂದು ಪದ ಬದಲಿಸಿ ಮೂರನೇ ಒಂದು ಪಾಲು ಕೇಳುವ ದೊಡ್ಡವರೂ ಈ ಲೋಕದಲ್ಲಿ ಇದ್ದಾರೆ. ಅಂಥ ಕಡೆ ಒಪ್ಪುವುದೂ ಬಿಡುವುದೂ ನಿಮ್ಮ ಲೆಕ್ಕಾಚಾರ, ಒಪ್ಪಿದರೆ ಮಾತ್ರ ಬರವಣಿಗೆಯಲ್ಲೇ ಒಪ್ಪಿ.

ಪ್ರಶ್ನೆ: ಹಾಡು ಕಳಿಸಿದಾಗ ಕದ್ದುಬಿಟ್ಟರೆ?

ಉತ್ತರ: ಹೊಸಬರ ಹಾಡು ಕದಿಯುವುದಕ್ಕಿಂತ ಅವರ ಪಾಲು ಬರೆಯದೇ ಬಿಡುವುದು ಜಾಸ್ತಿ ನಡೆಯುತ್ತದೆ, ಅದಕ್ಕೆ ಮೇಲಿನ ಉತ್ತರ ನೋಡಿ. ಕಾಪಿರೈಟ್ ಬಗ್ಗೆ ಹೇಳುವುದಾದರೆ, 1886ರ ಬರ್ನ್ ಒಪ್ಪಂದದಲ್ಲಿ ಈಗ 180ಕ್ಕೂ ಹೆಚ್ಚು ದೇಶಗಳಿವೆ. ಅದರ ಪ್ರಕಾರ ಹಾಡು ಹುಟ್ಟಿದಾಗಲೇ ಹಕ್ಕೂ ಹುಟ್ಟುತ್ತದೆ, ನೋಂದಣಿ ಇಲ್ಲದಿದ್ದರೂ. ತಾರೀಕು ಇರುವ ಫೈಲುಗಳು, ಫೋನಿನ ಮೊದಲ ರೆಕಾರ್ಡಿಂಗ್, ಮೇಲ್‌ಗಳು, ಇವನ್ನು ಅಳಿಸಬೇಡಿ. ಹಾಡನ್ನು ಲಕೋಟೆಯಲ್ಲಿ ಹಾಕಿ ನಿಮಗೆ ನೀವೇ ಅಂಚೆ ಮಾಡಿಕೊಳ್ಳುವ ಹಳೇ ಉಪಾಯದಿಂದ ಅಂಚೆ ಖರ್ಚು ಬಿಟ್ಟು ಬೇರೇನೂ ಆಗುವುದಿಲ್ಲ.

ಪ್ರಶ್ನೆ: ಬೇರೆ ದೇಶದ ಇಬ್ಬರ ಜೊತೆ ಆನ್‌ಲೈನ್‌ನಲ್ಲೇ ಬರೆದ ಹಾಡು ಹೋದ ವರ್ಷ ಬಿಡುಗಡೆ ಆಯ್ತು. ಲಕ್ಷಾಂತರ ಸಲ ಕೇಳಿದ್ದಾರೆ. ನನಗೆ ಒಂದು ಪೈಸೆ ಬಂದಿಲ್ಲ. ಗಾಯಕನನ್ನು ಕೇಳಿದರೆ 'ನನಗೆ ಬಂದದ್ದು ರೆಕಾರ್ಡಿಂಗ್ ದುಡ್ಡು, ನಿಮ್ಮದು ಬೇರೆ' ಅನ್ನುತ್ತಾನೆ. ಸುಳ್ಳು ಹೇಳುತ್ತಿದ್ದಾನಾ?

ಉತ್ತರ: ಪಾಪ, ಅವನು ನಿಜವನ್ನೇ ಹೇಳುತ್ತಿದ್ದಾನೆ. ಒಂದು ಹಾಡಿನಲ್ಲಿ ಎರಡು ಆಸ್ತಿ ಇವೆ. ಟ್ಯೂನ್ ಮತ್ತು ಸಾಹಿತ್ಯ ಒಂದು, ಅದನ್ನು ಹಾಡಿ ನುಡಿಸಿದ ರೆಕಾರ್ಡಿಂಗ್ ಇನ್ನೊಂದು. ಹಾಡನ್ನು ಆ್ಯಪ್‌ಗಳಿಗೆ ಹಾಕುವ ಡಿಸ್ಟ್ರಿಬ್ಯೂಟರ್ ಗಾಯಕನಿಗೆ ಕೊಡುವುದು ರೆಕಾರ್ಡಿಂಗ್ ದುಡ್ಡು. ಬರೆದವರ ದುಡ್ಡು ಬೇರೆ ಕೊಳವೆಯಲ್ಲಿ ಹರಿಯುತ್ತದೆ, ನಿಮ್ಮ ತುದಿಯಲ್ಲಿ ನಲ್ಲಿ ಹಾಕಿಸಿಕೊಳ್ಳದಿದ್ದರೆ ಅದು ನಿಮ್ಮ ಮನೆಗೆ ಬರುವುದಿಲ್ಲ.

ಆ ನಲ್ಲಿಯೇ ರಾಯಲ್ಟಿ ಸೊಸೈಟಿ. ಇದರ ಹುಟ್ಟಿನ ಕಥೆ ಚೆನ್ನಾಗಿದೆ. 1847ರಲ್ಲಿ ಅರ್ನೆಸ್ಟ್ ಬೂರ್ಜೆ ಅನ್ನುವ ಹಾಡು ಕಟ್ಟುವವನು ಪ್ಯಾರಿಸ್ಸಿನ ಒಂದು ಕೆಫೆಯಲ್ಲಿ ಕೂತಿದ್ದಾಗ ಅಲ್ಲಿ ಅವನದೇ ಕೃತಿಯನ್ನು ನುಡಿಸುತ್ತಿದ್ದರು. ನನ್ನ ಹಾಡಿಗೆ ನೀವು ದುಡ್ಡು ಕೊಡುವುದಿಲ್ಲ ಅಂದಮೇಲೆ ನಾನೂ ಬಿಲ್ ಕೊಡುವುದಿಲ್ಲ ಅಂದ. ಕೋರ್ಟಿಗೆ ಹೋಯ್ತು, ಅವನೇ ಗೆದ್ದ. 1851ರಲ್ಲಿ ಫ್ರಾನ್ಸಿನ ಸಾಸೆಮ್ ಅನ್ನುವ ಸೊಸೈಟಿ ಶುರುವಾಯ್ತು. ಆಮೇಲೆ 1914ರಲ್ಲಿ ಅಮೆರಿಕದ ಆಸ್ಕ್ಯಾಪ್, ಅದೇ ವರ್ಷ ಬ್ರಿಟನ್ನಿನ ಪಿಆರ್‌ಎಸ್, 1939ರಲ್ಲಿ ಅಮೆರಿಕದಲ್ಲೇ ಬಿಎಂಐ. ಈಗ ಬಹಳಷ್ಟು ದೇಶಗಳಲ್ಲಿ ಒಂದೊಂದಾದರೂ ಇದೆ, ಒಂದು ಇನ್ನೊಂದಕ್ಕಾಗಿ ದುಡ್ಡು ವಸೂಲಿ ಮಾಡಿ ಕಳಿಸುವ ಒಪ್ಪಂದಗಳಿವೆ. ಹಾಗಾಗಿ ನೀವು ಒಂದು ಸೊಸೈಟಿ ಸೇರಿದರೆ ಸಾಕು. ಎರಡು ಕಡೆ ಸೇರಿದರೆ ಜಾಸ್ತಿ ಬರುತ್ತದೆ ಅಂದುಕೊಳ್ಳಬೇಡಿ, ಲೆಕ್ಕ ಗೋಜಲಾಗಿ ಎರಡೂ ಕಡೆ ನಿಂತುಹೋಗುತ್ತದೆ.

ಸೇರಿದಾಗ ನಿಮಗೆ ಐಪಿಐ ನಂಬರ್ ಕೊಡುತ್ತಾರೆ, ಅದು ಬರಹಗಾರರಾಗಿ ನಿಮ್ಮ ಗುರುತು. ಹಾಡಿನ ಗುರುತಿನ ನಂಬರ್ ಐಎಸ್‌ಡಬ್ಲ್ಯುಸಿ, ರೆಕಾರ್ಡಿಂಗ್‌ದು ಐಎಸ್‌ಆರ್‌ಸಿ. ಈ ಮೂರೂ ಒಂದಕ್ಕೊಂದು ಜೋಡಿಯಾಗದಿದ್ದರೆ ನಿಮ್ಮ ದುಡ್ಡು ಯಾರದೋ ಖಾತೆಯಲ್ಲಿ 'ವಾರಸುದಾರರು ಸಿಕ್ಕಿಲ್ಲ' ಅಂತ ಕೂತಿರುತ್ತದೆ. ನಿಮ್ಮದು ಈಗ ಆಗಿರುವುದು ಬಹುಶಃ ಇದೇ. ಇವತ್ತೇ ಸೊಸೈಟಿ ಸೇರಿ, ಹಾಡು ನೋಂದಾಯಿಸಿ. ಉಳಿದಿಬ್ಬರು ತಮ್ಮ ಕಡೆ ಹಾಕಿರುವ ಶೇಕಡಾವಾರು ನಿಮ್ಮದಕ್ಕೆ ತಾಳೆಯಾಗುತ್ತಾ ಕೇಳಿ. ಅವರು ಐವತ್ತು-ಐವತ್ತು ಅಂತ ಹಾಕಿಕೊಂಡಿದ್ದರೆ ಮೊದಲು ಅದನ್ನು ಸರಿ ಮಾಡಿಸಿ.

ಇನ್ನೊಂದು ತುಂಡು ಇದೆ. ಸ್ಟ್ರೀಮಿಂಗ್‌ನಲ್ಲಿ ಮೆಕ್ಯಾನಿಕಲ್ ರಾಯಲ್ಟಿ ಅಂತ ಬರುತ್ತದೆ, ಅದು ಹಾಡಿನ ಪ್ರತಿ ಮಾಡಿದ್ದಕ್ಕೆ ಬರೆದವರಿಗೆ ಸಿಗುವ ದುಡ್ಡು. ಅಮೆರಿಕದಲ್ಲಿ ಅದನ್ನು 2021ರಿಂದ ಎಂಎಲ್‌ಸಿ ಅನ್ನುವ ಸಂಸ್ಥೆ ವಸೂಲಿ ಮಾಡುತ್ತದೆ, ಬೇರೆ ದೇಶದವರೂ ಸೇರಬಹುದು, ಫೀ ಇಲ್ಲ. ಇದನ್ನೆಲ್ಲ ದೇಶ ದೇಶ ಸುತ್ತಿ ನೀವೇ ಮಾಡಲಾಗದಿದ್ದರೆ ಅಡ್ಮಿನ್ ಪಬ್ಲಿಷರ್ ಅಂತ ಇರುತ್ತಾರೆ, ವಸೂಲಿಯಲ್ಲಿ ಒಂದು ಪಾಲು ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ. ಹಾಡಿನ ಒಡೆತನ ನಿಮ್ಮಲ್ಲೇ ಉಳಿಯುತ್ತದಾ ಅನ್ನುವ ಸಾಲನ್ನು ಮಾತ್ರ ಎರಡು ಸಲ ಓದಿ. ಒಡೆತನವನ್ನೇ ಬರೆಸಿಕೊಳ್ಳುವುದಾದರೆ ಅದು ಅಡ್ಮಿನ್ ಅಲ್ಲ, ಬೇರೆ ಒಪ್ಪಂದ. ಅದಕ್ಕೆ ಮುಂಗಡ ದುಡ್ಡು, ಹಾಡು ಮರಳಿ ಬರುವ ವರ್ಷ, ಎರಡೂ ಇರಬೇಕು.

ತೆರಿಗೆ: ಅಮೆರಿಕದಿಂದ ರಾಯಲ್ಟಿ ಬರುವುದಾದರೆ ನೀವು ಅಮೆರಿಕದವರಲ್ಲ ಅಂತ ತಿಳಿಸುವ ಡಬ್ಲ್ಯು-8ಬಿಇಎನ್ ಫಾರ್ಮ್ ತುಂಬಿ ಕೊಡಿ. ಇಲ್ಲದಿದ್ದರೆ ಶೇ. 30 ಅಲ್ಲೇ ಹಿಡಿದುಕೊಳ್ಳುತ್ತಾರೆ. ನಿಮ್ಮ ದೇಶಕ್ಕೂ ಅಮೆರಿಕಕ್ಕೂ ತೆರಿಗೆ ಒಪ್ಪಂದ ಇದ್ದರೆ ಅದು ಕಡಿಮೆಯಾಗಬಹುದು. ಈ ಫಾರ್ಮ್ ಸಹಿ ಮಾಡಿದ ವರ್ಷ ಬಿಟ್ಟು ಮುಂದಿನ ಮೂರು ವರ್ಷ ನಡೆಯುತ್ತದೆ, ಆಮೇಲೆ ಹೊಸದು.

ಪ್ರಶ್ನೆ: 'ನಿಮ್ಮ ಕವಿತೆ ನಮ್ಮ ಆಲ್ಬಮ್ಮಿಗೆ ಆಯ್ಕೆಯಾಗಿದೆ, ರೆಕಾರ್ಡಿಂಗ್ ವೆಚ್ಚ ಮಾತ್ರ ಕಟ್ಟಿ' ಅಂತ ವಿದೇಶಿ ಕಂಪನಿಯೊಂದರಿಂದ ಪತ್ರ ಬಂದಿದೆ. ಕಟ್ಟಲಾ?

ಉತ್ತರ: ಬೇಡ. ಈ ಆಟಕ್ಕೆ ನೂರು ವರ್ಷಕ್ಕೂ ಜಾಸ್ತಿ ವಯಸ್ಸು. 'ನಿಮ್ಮ ಕವಿತೆ ಕಳಿಸಿ, ನಾವು ಹಾಡು ಮಾಡುತ್ತೇವೆ' ಅಂತ ಅಮೆರಿಕದ ಪತ್ರಿಕೆಗಳ ಹಿಂದಿನ ಪುಟಗಳಲ್ಲಿ ಜಾಹೀರಾತು ಬರುತ್ತಿದ್ದವು, ಕಳಿಸಿದವರೆಲ್ಲ ಆಯ್ಕೆಯಾಗುತ್ತಿದ್ದರು. ನಿಜವಾದ ಪಬ್ಲಿಷರ್ ನಿಮ್ಮ ಹಾಡಿನಿಂದ ದುಡಿಯುತ್ತಾರೆ, ನಿಮ್ಮ ಜೇಬಿನಿಂದ ಅಲ್ಲ. ನೀವೇ ಹುಡುಕಿ ಒಬ್ಬ ಪ್ರೊಡ್ಯೂಸರ್‌ಗೆ ದುಡ್ಡು ಕೊಟ್ಟು ಡೆಮೊ ಮಾಡಿಸುವುದು ಬೇರೆ, ಅದು ಕೂಲಿ. ಸ್ಪರ್ಧೆಗಳ ಪ್ರವೇಶ ಶುಲ್ಕವೂ ಬೇರೆ. ಇಂಟರ್‌ನ್ಯಾಷನಲ್ ಸಾಂಗ್‌ರೈಟಿಂಗ್ ಕಾಂಪಿಟಿಶನ್, ಜಾನ್ ಲೆನನ್ ಹೆಸರಿನ ಸ್ಪರ್ಧೆ, ಇವೆಲ್ಲ ಶುಲ್ಕ ತೆಗೆದುಕೊಳ್ಳುತ್ತವೆ, ಯಾವ ದೇಶದವರಾದರೂ ಹಾಡು ಕಳಿಸಬಹುದು. ಫೈನಲಿಸ್ಟ್ ಆದರೆ ಪತ್ರ ಬರೆಯುವಾಗ ಹೇಳಿಕೊಳ್ಳಲು ಒಂದು ಸಾಲು ಸಿಗುತ್ತದೆ. ನನ್ನ ಕೇಳಿದರೆ, ವರ್ಷಕ್ಕೆ ಒಂದಕ್ಕೆ ನಿಮ್ಮ ಅತ್ಯುತ್ತಮ ಹಾಡು ಕಳಿಸಿ, ಉಳಿದ ದುಡ್ಡನ್ನು ಡೆಮೊಗೆ ಹಾಕಿ.

ಪ್ರಶ್ನೆ: ಯುರೋವಿಷನ್‌ಗೆ ಯುರೋಪಿನವರಲ್ಲದವರು ಹಾಡು ಬರೆಯಬಹುದಾ?

ಉತ್ತರ: ಬರೆಯಬಹುದು. ದೇಶಕ್ಕೊಂದು ಹಾಡು ಕಳಿಸುವ ಈ ಯುರೋಪಿನ ಸ್ಪರ್ಧೆಯ ಮುಖ್ಯ ಹಂತದಲ್ಲಿ ಗಾಯಕರಿಗೂ ಬರೆದವರಿಗೂ ದೇಶದ ಕಟ್ಟುಪಾಡಿಲ್ಲ. 1988ರಲ್ಲಿ ಸ್ವಿಟ್ಜರ್ಲೆಂಡಿಗೆ ಗೆದ್ದುಕೊಟ್ಟ ಸೆಲೀನ್ ಡಿಯಾನ್ ಕೆನಡಾದವರು. ಆದರೆ ಹಾಡನ್ನು ಆರಿಸುವುದು ಆಯಾ ದೇಶದ ಪ್ರಸಾರ ಸಂಸ್ಥೆ, ಬರೆದವರಲ್ಲಿ ಒಬ್ಬರಾದರೂ ನಮ್ಮವರಿರಬೇಕು ಅನ್ನುವ ನಿಯಮ ಕೆಲವು ಕಡೆ ಇದೆ. ಮತ್ತೆ ಜೊತೆಗಾರರ ವಿಷಯಕ್ಕೇ ಬಂದೆವು, ಅಲ್ವಾ? ಹಾಡು ಮೂರು ನಿಮಿಷ ಮೀರಬಾರದು.

ಪ್ರಶ್ನೆ: ಎಐನಲ್ಲಿ ಟ್ಯೂನ್ ಮಾಡಿಸಿ ಕಳಿಸಿದರೆ ಗೊತ್ತಾಗುತ್ತಾ?

ಉತ್ತರ: ಗೊತ್ತಾಗುತ್ತಾ ಅನ್ನುವುದಕ್ಕಿಂತ, ಸಹಿ ಹಾಕುವಾಗ ಏನು ಬರೆಯುತ್ತೀರಿ ಅನ್ನುವುದು ಪ್ರಶ್ನೆ. ಇದು ನನ್ನ ಸ್ವಂತ ರಚನೆ ಅಂತ ಪ್ರತಿ ಒಪ್ಪಂದದಲ್ಲೂ ಬರೆದುಕೊಡಬೇಕು. ಬರೀ ಸೂಚನೆ ಕೊಟ್ಟು ಯಂತ್ರದಿಂದ ಮಾಡಿಸಿದ್ದಕ್ಕೆ ಕಾಪಿರೈಟ್ ಇಲ್ಲ ಅಂತ ಅಮೆರಿಕದ ಕಾಪಿರೈಟ್ ಕಚೇರಿ 2025ರ ಜನವರಿಯ ವರದಿಯಲ್ಲಿ ಹೇಳಿದೆ. ಹಕ್ಕೇ ಇಲ್ಲದ ಹಾಡನ್ನು ಕೊಳ್ಳುವವರು ಯಾರು?

ಪ್ರಶ್ನೆ: ನಾನು ಕೆಲಸ ಬಿಟ್ಟು ನ್ಯಾಶ್‌ವಿಲ್‌ಗೆ ಹೋಗಿ ಸ್ವಲ್ಪ ಕಾಲ ಇರಬೇಕು ಅಂದುಕೊಂಡಿದ್ದೇನೆ. ಹೋಗದೆ ಆಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ.

ಉತ್ತರ: ನ್ಯಾಶ್‌ವಿಲ್ ಅಮೆರಿಕದ ಕಂಟ್ರಿ ಸಂಗೀತದ ಊರು. ನೀವು ಬರೆಯುವುದು ಕಂಟ್ರಿ ಹಾಡಾ? ಪತ್ರದಲ್ಲಿ ಹೇಳಿಲ್ಲ. ಹೌದಾದರೆ ಎಲ್ಲರೂ ಹೇಳುತ್ತಿರುವುದು ಸರಿ. ಅಲ್ಲಿ ಈಗಲೂ ಇಬ್ಬರು ಮೂವರು ಗಿಟಾರ್ ಹಿಡಿದು ಒಂದು ಕೋಣೆಯಲ್ಲಿ ಕೂತೇ ಬರೆಯುತ್ತಾರೆ, ಪರಿಚಯ ಆಗುವುದೂ ಹಾಗೇ. ಪಾಪ್, ಕೆ-ಪಾಪ್, ಗೇಮು, ಜಾಹೀರಾತು ಆದರೆ ಹೋಗುವ ಅಗತ್ಯ ಅಷ್ಟಿಲ್ಲ, ಒಳ್ಳೆಯ ಮೈಕು ಮತ್ತು ಹೇಳಿದ ದಿನಕ್ಕೆ ಫೈಲ್ ಕಳಿಸುವ ಅಭ್ಯಾಸ ಸಾಕು.

ಜಾಹೀರಾತು, ಸೀರಿಯಲ್ ಕಡೆಗೆ ಹೋಗುವವರಿಗೆ ಒಂದು ಮಾತು: ಹಾಡಿನ ಜೊತೆ ದನಿ ಇಲ್ಲದ ಇನ್‌ಸ್ಟ್ರುಮೆಂಟಲ್ ಕೂಡ ಮಾಡಿಟ್ಟಿರಿ. ಮಾತುಗಳ ಅಡಿಯಲ್ಲಿ ಹಾಕಲು ಅವರಿಗೆ ಬೇಕಾಗುವುದು ಅದೇ. ಜೊತೆಗೆ ಟ್ಯೂನ್, ರೆಕಾರ್ಡಿಂಗ್ ಎರಡರ ಒಪ್ಪಿಗೆಯೂ ಒಬ್ಬರೇ ಕೊಡುವಂತಿದ್ದರೆ ನಿಮ್ಮ ಹಾಡಿನ ಅವಕಾಶ ತುಂಬ ಹೆಚ್ಚುತ್ತದೆ. ಅವರಿಗೆ ನಾಳೆಯೊಳಗೆ ಬೇಕಾಗಿರುತ್ತದೆ, ಐದು ಜನರ ಸಹಿಗಾಗಿ ಕಾಯುವುದಿಲ್ಲ.

ಹೋಗುವುದೇ ಖಚಿತವಾದರೆ ಕೆಲಸ ಬಿಡುವ ಮೊದಲು ರಜೆ ಹಾಕಿ ಎರಡು ವಾರ ಹೋಗಿಬನ್ನಿ. ಅದಕ್ಕೂ ಮೊದಲು ನ್ಯಾಶ್‌ವಿಲ್ ಸಾಂಗ್‌ರೈಟರ್ಸ್ ಅಸೋಸಿಯೇಶನ್ ಇಂಟರ್‌ನ್ಯಾಷನಲ್ ಸೇರಿಕೊಳ್ಳಿ. 1967ರಿಂದ ಇರುವ ಸಂಘ, ಹೊರದೇಶದವರನ್ನೂ ಸೇರಿಸಿಕೊಳ್ಳುತ್ತದೆ, ಹಾಡು ಕಳಿಸಿದರೆ ಅಭಿಪ್ರಾಯ ಹೇಳುತ್ತಾರೆ. ಅಲ್ಲಿಗೆ ಹೋಗುವ ಹೊತ್ತಿಗೆ ಮೂರ್ನಾಲ್ಕು ಜನರ ಜೊತೆ ಆನ್‌ಲೈನ್‌ನಲ್ಲಿ ಬರೆದಿರಬೇಕು, ಅವರ ಜೊತೆ ಕೂರುವ ದಿನ, ವೇಳೆ ನಿಗದಿಯಾಗಿರಬೇಕು. ಯಾರನ್ನೂ ಗೊತ್ತುಮಾಡಿಕೊಳ್ಳದೆ ವಿಮಾನ ಹತ್ತಿದರೆ ಎರಡು ವಾರ ಬೇರೆಯವರ ಹಾಡು ಕೇಳಿ ವಾಪಸ್ ಬರುತ್ತೀರಿ. ಮತ್ತೆ ವೀಸಾ: ಪ್ರವಾಸಿ ವೀಸಾದಲ್ಲಿ ಹೋಗಿ ದುಡ್ಡು ಪಡೆದು ಕೆಲಸ ಮಾಡುವಂತಿಲ್ಲ. ಕರೆಯುವವರು ಯಾರೇ ಆಗಲಿ, ಟಿಕೆಟ್ ತೆಗೆಯುವ ಮೊದಲೇ ಈ ಪ್ರಶ್ನೆಯನ್ನು ಅವರಿಗೆ ಬರವಣಿಗೆಯಲ್ಲಿ ಕೇಳಿ.